ನಾಗಲಕ್ಷ್ಮಿಯ ಅರ್ಜಿಯಲ್ಲಿ ನಾನು ಹಾಕಿದ ಮೂರು ಗುರುತು

ಪಾಸ್‌ಪೋರ್ಟ್ ಹಿಡಿದು ಬಂದವರ ಮುಖ ನೋಡಬೇಡ, ಮೊದಲು ಕೈ ನೋಡು. ಥೇಣಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಆಫೀಸಿಗೆ ನಾನು ಟೈಪಿಸ್ಟಾಗಿ ಸೇರಿದ ದಿನ ನಮ್ಮ ಮುದಲಾಳಿ ಹೇಳಿಕೊಟ್ಟ ಮೊದಲ ಪಾಠ ಇದು. ಮುದಲಾಳಿ ಅಂದರೆ ನಮ್ಮ ಕಡೆ ಯಜಮಾನರು. ಕಂಬಂನವರು, ಮೊದಲು ಏಲಕ್ಕಿ ವ್ಯಾಪಾರ ಮಾಡಿದವರು, ಕಾಯಿ ನೋಡಿದ ಹಾಗೆಯೇ ಮನುಷ್ಯರನ್ನೂ ನೋಡುತ್ತಿದ್ದರು. ಹತ್ತು ವರ್ಷದ ವೆಲ್ಡರ್ ಎಂದು ಹೇಳಿಕೊಂಡು ಬಂದವನ ಮುಂಗೈಯಲ್ಲಿ ಒಂದೇ ಒಂದು ಸುಟ್ಟ ಕಲೆ ಇಲ್ಲದಿದ್ದರೆ, ಅವನಿಗೆ ಟೀ ಕೊಡಿಸಿ, ಊರಿನ ಸುದ್ದಿ ಕೇಳಿ, ಅರ್ಜಿ ತುಂಬದೆ ಕಳಿಸಿಬಿಡುತ್ತಿದ್ದರು.

ಆ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತೆ. ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ಅರ್ಜಿ ಸಿದ್ಧಪಡಿಸಿ ಚೆನ್ನೈನ ಲೈಸೆನ್ಸ್ ಇರುವ ಕಂಪನಿಗೆ ಕಳಿಸುವುದು ನಮ್ಮ ಕೆಲಸ. ಈಗ ನನ್ನ ಅಣ್ಣನ ಮಗಳು ಕವಿತಾ ದಿಂಡಿಗಲ್ಲಿನಲ್ಲಿ ಇಂಥದೇ ಒಂದು ಆಫೀಸಿಗೆ ಸೇರಿದ್ದಾಳೆ. ವಾರಕ್ಕೆರಡು ಸಲ ಫೋನ್ ಮಾಡಿ, ಅತ್ತೆ ಇದಕ್ಕೆ ಏನು ಮಾಡಲಿ, ಅದಕ್ಕೆ ಏನು ಮಾಡಲಿ ಎಂದು ಪ್ರಾಣ ತಿನ್ನುತ್ತಾಳೆ. ನಾನು ನಮ್ಮ ಮನೆಮಾತು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಲ್ಲಿ ಉತ್ತರ ಕೊಡುತ್ತಾಳೆ, ಈಗಿನ ಮಕ್ಕಳೆಲ್ಲ ಹಾಗೆ. ಇದನ್ನು ಅವಳಿಗಾಗಿಯೇ ಬರೆಯುತ್ತಿದ್ದೇನೆ. ಅವಳಿಗೆ ಈ ಕನ್ನಡ ಅಕ್ಷರ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ನನಗೂ ಐವತ್ತು ದಾಟುವವರೆಗೆ ಬರುತ್ತಿರಲಿಲ್ಲ. ಹಾಸನದಿಂದ ಬಂದ ನನ್ನ ಸೊಸೆ ಕೂತು ತಿದ್ದಿಕೊಟ್ಟಿದ್ದಾಳೆ, ಹಾಗಾಗಿ ಈ ಬರಹ ನೆಟ್ಟಗೆ ಕಾಣುತ್ತಿದೆ.

ಕವಿತಾ, ಸಂಬಳ ಎಷ್ಟು ಏರಿತು, ಕುರ್ಚಿ ಯಾವಾಗ ಬದಲಾಯಿತು ಎಂಬುದನ್ನೆಲ್ಲ ನಾನು ಹೇಳುವುದಿಲ್ಲ. ಅದರಿಂದ ನಿನಗೆ ಏನೂ ಆಗಬೇಕಾದ್ದಿಲ್ಲ. ನಾನು ಎಲ್ಲಿ ಎಡವಿದೆ ಎಂದು ಮಾತ್ರ ಹೇಳುತ್ತೇನೆ.

ಆಗ ಟೈಪ್‌ರೈಟರ್. ನಾಲ್ಕು ಕಾರ್ಬನ್ ಇಟ್ಟು ಕುಟ್ಟಿದರೆ ಕೊನೆಯ ಪ್ರತಿಯಲ್ಲಿ ತಂದೆಯ ಹೆಸರೂ ಮಗನ ಹೆಸರೂ ಒಂದೇ ತರ ಕಾಣುತ್ತಿತ್ತು. ಅರ್ಜಿಗಳನ್ನು ಕಟ್ಟಿ ಚೆನ್ನೈ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೆವು. ತಪ್ಪಾಗಿದೆ ಎಂದು ಮಧ್ಯಾಹ್ನ ನೆನಪಾದರೆ ಸಂಜೆ ಬಸ್ಸು ಹೊರಡುವ ಮೊದಲು ಓಡಿಹೋಗಿ ಕಟ್ಟನ್ನು ಬಿಡಿಸಿಕೊಂಡು ಬರಬಹುದಿತ್ತು. ಆಮೇಲೆ ಫ್ಯಾಕ್ಸ್ ಬಂತು, ಆಮೇಲೆ ಕಂಪ್ಯೂಟರ್, ಈಗ ಫೋನಿನಲ್ಲೇ ಎಲ್ಲ. ಒತ್ತಿದರೆ ಮುಗಿಯಿತು, ಹಿಂದೆ ಓಡಲು ಬಸ್ಸಿಲ್ಲ. ಕೆಲಸ ಸುಲಭವಾದ ಮೇಲೆ ನನ್ನ ಎದೆ ಡವಗುಟ್ಟುವುದು ಜಾಸ್ತಿಯಾಯಿತೇ ಹೊರತು ಕಮ್ಮಿಯಾಗಲಿಲ್ಲ.

ನಮ್ಮ ಜನದಲ್ಲಿ ಇನ್ನೊಂದು ಉಂಟು, ನಿನಗೆ ಗೊತ್ತು. ಹೊರದೇಶ ಅಂದರೆ ಮನೆದೇವರ ಮುಂದೆ ಹೂ ಕೇಳದೆ ಪಾಸ್‌ಪೋರ್ಟ್ ಕೊಡುವುದಿಲ್ಲ. ಕೆಂಪು ಹೂ ಒಂದು ಎಲೆಯಲ್ಲಿ, ಬಿಳಿ ಹೂ ಒಂದು ಎಲೆಯಲ್ಲಿ ಮಡಚಿ ಇಡುತ್ತಾರೆ. ಪೂಜಾರಿ ಎತ್ತಿದ್ದು ಬಿಳಿಯಾದರೆ ಹೋಗಬಹುದು, ಕೆಂಪಾದರೆ ಇಲ್ಲ. ಆಂಡಿಪಟ್ಟಿಯ ಒಬ್ಬ ಬಡಗಿಗೆ ದೋಹಾದಲ್ಲಿ ಕೆಲಸ ಸಿದ್ಧವಾಗಿತ್ತು. ಎರಡು ವಾರದಲ್ಲಿ ಎರಡು ಸಲವೂ ಕೆಂಪೇ ಬಂತು. ಕಂಪನಿಯ ಗಡುವು ಮುಗಿಯುತ್ತಿತ್ತು. ಮೂರನೇ ಸಲ ನಾನೇ ಜೊತೆಗೆ ಹೋದೆ. ಎಲೆ ಮಡಚುವಾಗ ಅವನ ತಾಯಿ ಆಚೆ ತಿರುಗಿದ್ದರು, ನಾನು ಎರಡರಲ್ಲೂ ಬಿಳಿ ಹೂವನ್ನೇ ಇಟ್ಟೆ. ಅವನು ಹೋದ. ಹೋದವನು ವಾಪಸ್ ಬರುವವರೆಗೆ ಎರಡು ವರ್ಷ, ಪೇಪರಿನಲ್ಲಿ ಕಟ್ಟಡ ಕುಸಿದ ಸುದ್ದಿ ಎಲ್ಲಿ ಬಂದರೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಚೆನ್ನಾಗಿಯೇ ಬಂದ, ಒಂದು ಸೆಂಟಿನ ಬಾಟಲಿ ಕೊಟ್ಟ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಒಳ್ಳೆಯದಕ್ಕೆ ಅಂತ ಒಂದು ಸಣ್ಣ ಸುಳ್ಳು ಪರವಾಗಿಲ್ಲ ಎಂಬ ಧೈರ್ಯ ಆಮೇಲೆ ಹೆಚ್ಚೇ ಆಯಿತು.

ಆ ಧೈರ್ಯ ನಾಗಲಕ್ಷ್ಮಿಯ ತಲೆಯ ಮೇಲೆ ಬಿತ್ತು.

ನಾಗಲಕ್ಷ್ಮಿ ನಮ್ಮ ಜನದವಳೇ. ಬತ್ತಲಗುಂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನಾಲ್ಕು ವರ್ಷ ರೋಗಿಗಳ ಆರೈಕೆ ಮಾಡಿದವಳು. ಎದ್ದು ಕೂರಲಾಗದವರನ್ನು ಮಗುವನ್ನು ಎತ್ತಿದಂತೆ ಎತ್ತಿ ಕೂರಿಸುವ ಕೈ ಅವಳದು. ಗಂಡ ತೀರಿಹೋಗಿದ್ದ. ಮಗಳು ಮಧುರೆಯಲ್ಲಿ ನರ್ಸಿಂಗ್ ಓದಿಗೆ ಸೇರಿದ್ದಳು, ಆ ಓದು ಪೂರ್ತಿ ಇವಳೊಬ್ಬಳ ದುಡಿಮೆಯ ಮೇಲೆ. ನನ್ನ ಕೈಯಲ್ಲೇ ಮೂರು ಸಲ ಅರ್ಜಿ ಹಾಕಿದ್ದಳು, ಮೂರು ಸಲವೂ ಇಂಗ್ಲಿಷ್ ಸಾಲದು ಎಂದು ವಾಪಸ್ ಬಂದಿತ್ತು. ನಲವತ್ತು ತುಂಬಿದವರನ್ನು ಕಂಪನಿ ತೆಗೆದುಕೊಳ್ಳುವುದಿಲ್ಲ. ಅವಳಿಗೆ ನಲವತ್ತಾಗಲು ಐದು ತಿಂಗಳು ಉಳಿದಿತ್ತು.

ಅಂಥ ಹೊತ್ತಿಗೆ ಮಸ್ಕತ್ತಿನಿಂದ ಒಂದು ಬೇಡಿಕೆ ಬಂತು. ಅಲ್ಲಿರುವ ಕರ್ನಾಟಕದ ಒಬ್ಬ ಡಾಕ್ಟರ ಮನೆ. ಅವರ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಕನ್ನಡ ಬಲ್ಲ, ಆಸ್ಪತ್ರೆ ಅನುಭವದ ಹೆಂಗಸು ಬೇಕು. ಇಂಗ್ಲಿಷ್ ಬೇಕಿಲ್ಲ. ಆ ಕಾಗದ ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ದೇವರು ಈಗ ಕಣ್ಣು ಬಿಟ್ಟಿತು ಅಂದುಕೊಂಡೆ.

ಚೆನ್ನೈ ಕಂಪನಿಯ ಅರ್ಜಿಯಲ್ಲಿ ಭಾಷೆಗೆ ಮೂರು ಮನೆ. ಮಾತಾಡಲು, ಓದಲು, ಬರೆಯಲು. ಕನ್ನಡದ ಸಾಲಿನಲ್ಲಿ ಮೂರಕ್ಕೂ ಗುರುತು ಹಾಕಿದೆ. ಬೇಕೆಂದೇ ಮೋಸ ಮಾಡಿದೆನೇ ಎಂದು ಕೇಳಿದರೆ, ಇಲ್ಲ ಎಂದೂ ಹೇಳಲಾರೆ, ಹೌದು ಎಂದೂ ಹೇಳಲಾರೆ. ನಾನೂರು ವರ್ಷವೋ ಐನೂರು ವರ್ಷವೋ ಹಿಂದೆ ಕನ್ನಡನಾಡಿನಿಂದ ಈ ತಮಿಳುನಾಡಿಗೆ ಬಂದವರು ನಾವು. ಶಾಲೆಯ ಸರ್ಟಿಫಿಕೇಟಿನಲ್ಲಿ ತಾಯ್ನುಡಿ ಕನ್ನಡ ಎಂದೇ ಇರುತ್ತದೆ. ಆದರೆ ಮದುವೆಯ ಪತ್ರಿಕೆ ತಮಿಳಲ್ಲಿ, ದೇವರ ಹಾಡು ಬರೆದಿಟ್ಟುಕೊಂಡ ನೋಟು ತಮಿಳಕ್ಷರದಲ್ಲಿ. ಕನ್ನಡಕ್ಕೆ ಬೇರೆ ಅಕ್ಷರವಿದೆ, ಅದನ್ನು ಕಲಿಯಬೇಕು ಎಂಬುದು ನಮ್ಮ ಮನೆಗಳಲ್ಲಿ ಯಾರ ತಲೆಗೂ ಬಂದದ್ದಿಲ್ಲ. ನಮ್ಮ ಮಾತು ನಮಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು ಎಂಬ ಜಂಬದಲ್ಲಿ ಕೈ ತಾನಾಗಿ ಗುರುತು ಹಾಕಿತು. ಸರ್ಟಿಫಿಕೇಟಿನ ಪ್ರತಿಯನ್ನೂ ಸಾಕ್ಷಿಯಾಗಿ ಸೇರಿಸಿ ಕಳಿಸಿದೆ.

ಮೂರನೇ ದಿನ ಒಪ್ಪಿಗೆ ಬಂತು. ನಾನು ನಾಗಲಕ್ಷ್ಮಿಗೆ ಫೋನ್ ಮಾಡಿ, ವೀಸಾ ಬರುವುದೊಂದೇ ಬಾಕಿ, ನರ್ಸಿಂಗ್ ಹೋಮಿನವರಿಗೆ ಹೇಳಿಬಿಡು ಅಂದೆ. ವೀಸಾ ಕೈಗೆ ಬರುವ ಮೊದಲು ಇರುವ ಕೆಲಸ ಬಿಡಬೇಡಿ ಎಂದು ಸಾವಿರಾರು ಜನಕ್ಕೆ ಹೇಳಿದ ಬಾಯಿ ಇದು. ಸಂತೋಷದಲ್ಲಿ ಆ ಮಾತೇ ಮರೆತುಹೋಯಿತು. ಅವಳು ಮರುದಿನವೇ ಬಿಟ್ಟಳು, ಅವರು ಅದೇ ವಾರ ಇನ್ನೊಬ್ಬಳನ್ನು ಇಟ್ಟುಕೊಂಡರು.

ಒಂದು ವಾರ ಕಳೆದು ಡಾಕ್ಟರ ಹೆಂಡತಿಯಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ತಮ್ಮ ಅತ್ತೆಗೆ ಗಂಟಲಿನ ಆಪರೇಷನ್ ಆಗಿ ಮಾತು ಪೂರ್ತಿ ಹೋಗಿದೆ. ಕಿವಿ ಚುರುಕಾಗಿದೆ. ಹೇಳಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ, ಕನ್ನಡದಲ್ಲಿ ಮಾತ್ರ. ಮೊದಲಿದ್ದ ಹೆಂಗಸು ಓದಲು ಬಾರದೆ ಏನು ಬರೆದರೂ ಹ್ಞೂಂ ಹ್ಞೂಂ ಎಂದು ತಲೆಯಾಡಿಸುತ್ತಿದ್ದಳು, ಅದರಿಂದ ಒಂದು ಸಲ ದೊಡ್ಡ ಅಪಾಯವೇ ಆಗುತ್ತಿತ್ತು. ನಿಮ್ಮವಳಿಗೆ ಓದುಬರಹ ಬರುತ್ತದೆ ಎಂದು ನೋಡಿಯೇ ಆರಿಸಿದ್ದೇವೆ. ಇನ್ನು ಹತ್ತು ದಿನಕ್ಕೆ ವೀಡಿಯೊದಲ್ಲಿ ಅತ್ತೆಯವರೇ ಬರೆದು ತೋರಿಸುತ್ತಾರೆ, ಅವಳು ಓದಲಿ, ಆಮೇಲೆ ವೀಸಾಕ್ಕೆ ಹಾಕುತ್ತೇವೆ.

ಆ ಸಂದೇಶವನ್ನು ಎರಡು ಸಲ ಓದಿದೆ. ಒಂದು ಕನ್ನಡ ಅಕ್ಷರವನ್ನೂ ನಾಗಲಕ್ಷ್ಮಿ ಕಂಡವಳಲ್ಲ. ನಾನೂ ಅಷ್ಟೆ.

ನನ್ನ ಮಗನಿಗೆ ಹಾಸನದ ಹುಡುಗಿ ತಂದು ಆಗಿನ್ನೂ ವರ್ಷವಾಗಿತ್ತು. ನಾವೂ ಕನ್ನಡದವರೇ ಎಂದು ಬೀಗರ ಮುಂದೆ ಕೊಚ್ಚಿಕೊಂಡಿದ್ದವಳು ನಾನು. ಆ ಸೊಸೆಗೇ ಫೋನ್ ಮಾಡಿ, ಅಕ್ಷರ ಕಲಿಸುವ ಪುಸ್ತಕ ಬೇಕಲ್ಲ ಅಂದೆ. ಯಾರಿಗೆ ಎಂದಳು. ನನಗೆ ಅಂದೆ. “ಅತ್ತೆ, ನಿಮಗೆ ಓದಕ್ಕೆ ಬರಲ್ವಾ?” ಎಂದು ಕೇಳಿದಳು. ಪಾಪ, ಆಡಿಕೊಳ್ಳಲು ಕೇಳಿದ್ದಲ್ಲ. ಆದರೂ ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ಅಂದಿನಿಂದ ಪಾಠ. ನಾಗಲಕ್ಷ್ಮಿ ಬೆಳಗಿನ ಬಸ್ಸಿಗೆ ಬತ್ತಲಗುಂಡಿನಿಂದ ಬರುತ್ತಿದ್ದಳು. ಜೆರಾಕ್ಸ್ ಯಂತ್ರದ ಪಕ್ಕದ ಮೂಲೆಯಲ್ಲಿ ಇಬ್ಬರೂ ಕೂತು, ಸೊಸೆ ಫೋನಿಗೆ ಕಳಿಸಿದ ಪುಟ ನೋಡಿಕೊಂಡು ಒಂದನೇ ಕ್ಲಾಸಿನ ಮಕ್ಕಳ ತರ ತಿದ್ದಿದ್ದೇ ತಿದ್ದಿದ್ದು. ಎಲ್ಲವೂ ಜಿಲೇಬಿ ಸುತ್ತಿದ ಹಾಗೆ. ಅದೂ ಸಾಲದು ಎಂದು ಕೆಳಗೆ ಒತ್ತಕ್ಷರ ಬೇರೆ, ಒಂದರ ಕಾಲಿಗೆ ಇನ್ನೊಂದು ಜೋತುಬಿದ್ದಿರುತ್ತದೆ. ಐದನೇ ದಿನ ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ನೀ, ರು ಎಂದು ಓದಿ ತಟ್ಟನೆ ನಿಂತಳು. “ಅಕ್ಕಾ, ಇದು ನಮ್ಮ ನೀರು” ಎಂದಳು. ನಾವು ದಿನವೂ ಕುಡಿಯುವ ನೀರಿಗೆ ಬರೆಯುವ ರೂಪ ಒಂದಿದೆ ಎಂದು ಅವತ್ತು ನಮಗೆ ಗೊತ್ತಾಯಿತು. ಇಬ್ಬರೂ ನಗುತ್ತಲೇ ಕಣ್ಣೊರೆಸಿಕೊಂಡೆವು. ಆದರೆ ಹತ್ತು ದಿನದಲ್ಲಿ ಎಷ್ಟು ಓದಲಾದೀತು? ನೀರು, ನೋವು, ಬೇಡ, ಊರು. ಒತ್ತಕ್ಷರ ಬಂದರೆ ಗಾಡಿ ನಿಲ್ಲುತ್ತಿತ್ತು.

ಮುದಲಾಳಿಗೆ ಒಂಬತ್ತನೇ ದಿನ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅವರಿಗೂ ಹೆದರಿಕೆ, ಸುಳ್ಳು ಅರ್ಜಿ ಎಂದು ಗೊತ್ತಾದರೆ ಚೆನ್ನೈ ಕಂಪನಿ ನಮ್ಮನ್ನೇ ಕೈಬಿಡುತ್ತದೆ. ಯೋಚಿಸಿ ಒಂದು ಉಪಾಯ ಹೇಳಿದರು. ಬತ್ತಲಗುಂಡು ಮಾರ್ಕೆಟ್ಟಿಗೆ ಕೋಲಾರದಿಂದ ಬರುವ ಟೊಮೆಟೊ ವ್ಯಾಪಾರಿ ಒಬ್ಬ ಅವರಿಗೆ ಪರಿಚಯ. ಅವನು ಪಕ್ಕದ ಕೋಣೆಯಲ್ಲಿ ಕೂತು ಇನ್ನೊಂದು ಫೋನಿನಲ್ಲಿ ಅದೇ ವೀಡಿಯೊ ನೋಡಿ ಓದಲಿ, ಇವಳು ಕಿವಿಗೆ ಸಣ್ಣದೊಂದು ಇಯರ್‌ಫೋನ್ ಹಾಕಿ, ಕೂದಲು ಮುಚ್ಚಿಕೊಂಡು, ಕೇಳಿದ್ದನ್ನು ಹೇಳಲಿ. ಅವತ್ತೊಂದು ದಿನ ದಾಟಿದರೆ ಸಾಕು, ಅಲ್ಲಿಗೆ ಹೋಗಿ ಕಲಿತುಕೊಳ್ಳುತ್ತಾಳೆ. ಕವಿತಾ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನಾನು ಸರಿ ಅಂದೆ. ಬಿಳಿ ಹೂ ಇಟ್ಟವಳೇ ತಾನೆ.

ಆ ದಿನ ವ್ಯಾಪಾರಿ ಹೇಳಿದ ಹೊತ್ತಿಗೆ ಬಂದು ಟೀ ಕುಡಿಯುತ್ತ ಕೂತಿದ್ದ. ನಾಗಲಕ್ಷ್ಮಿ ತಲೆಗೆ ಎಣ್ಣೆ ಹಾಕಿ ಬಾಚಿ, ಚಿನ್ನಾಳಪಟ್ಟಿ ಸೀರೆ ಉಟ್ಟು ಬಂದಿದ್ದಳು. ನಾನು ಅವಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂದಲು ಎಳೆದು ಮುಚ್ಚುತ್ತಿದ್ದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

“ಅಕ್ಕಾ, ರಾತ್ರೀಲಿ ಆ ಅವ್ವ ಎದೆ ನೋಯ್ತದೆ ಅಂತ ಬರ್ದು ತೋರ್ಸಿದ್ರೆ, ನಾನು ಈ ಟೊಮೆಟೊ ಅಣ್ಣನ ಎಲ್ಲಿ ಹೋಗಿ ಕೂಗ್ಲಿ?”

ನನಗೆ ಮೊದಲು ಬಂದದ್ದು ಸಿಟ್ಟು. ನಲವತ್ತಾಗುತ್ತ ಬಂತು, ಇರುವ ಕೆಲಸವೂ ಹೋಯಿತು, ಮಗಳ ಓದು ಅರ್ಧದಲ್ಲಿದೆ, ಈಗ ಹರಿಶ್ಚಂದ್ರನ ಮೊಮ್ಮಗಳಾಗಲು ಹೊರಟೆಯಾ ಎಂದು ಗದರಿದೆ. ಅವಳು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಫೋನು ರಿಂಗಾಯಿತು.

ಪರದೆಯಲ್ಲಿ ಡಾಕ್ಟರ ಹೆಂಡತಿ, ಪಕ್ಕದಲ್ಲಿ ಗಾಲಿ ಕುರ್ಚಿಯಲ್ಲಿ ಅಜ್ಜಿ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು, ಕಣ್ಣು ಮಾತ್ರ ಗಿಡುಗನ ಕಣ್ಣು. ಎಷ್ಟೋ ವರ್ಷ ಸ್ಕೂಲ್ ಟೀಚರಾಗಿದ್ದವರಂತೆ. ಅವರು ಸ್ಲೇಟಿನ ಮೇಲೆ ಒಂದು ಸಾಲು ಬರೆದು ಎತ್ತಿ ಹಿಡಿದರು. ನಾಗಲಕ್ಷ್ಮಿ ಮುಂದಕ್ಕೆ ಬಾಗಿದಳು. ಒಂದೊಂದೇ ಅಕ್ಷರಕ್ಕೆ ತುಟಿ ಅಲ್ಲಾಡುತ್ತಿತ್ತು. ಪಕ್ಕದ ಕೋಣೆಯಲ್ಲಿ ವ್ಯಾಪಾರಿ ತನ್ನ ಪಾಡಿಗೆ ಓದುತ್ತಿದ್ದ, ಮೇಜಿನ ಮೇಲೆ ಬಿದ್ದ ಇಯರ್‌ಫೋನು ನೊಣದ ಹಾಗೆ ಗುಂಯ್‌ಗುಡುತ್ತಿತ್ತು.

“ಅವ್ವಾ, ಊರು ಅಂತ ಒಂದು ತಿಳೀತು. ಮಿಕ್ಕದ್ದು ತಿಳೀಲಿಲ್ಲೆ. ಮಾತಾಡಾಕೆ ಗೊತ್ತು, ಎಳುತ್ತು ಗೊತ್ತಿಲ್ಲೆ. ಅರ್ಜೀಲಿ ಬರ್ದದ್ದು ಸುಳ್ಳು.”

ಎಳುತ್ತು ಅಂದರೆ ತಮಿಳಲ್ಲಿ ಅಕ್ಷರ. ಡಾಕ್ಟರ ಹೆಂಡತಿಗೆ ಅದು ಅರ್ಥವಾಯಿತೋ ಇಲ್ಲವೋ, ಸುಳ್ಳು ಎಂಬುದಂತೂ ಅರ್ಥವಾಯಿತು. ಯಾರು ಬರೆದದ್ದು ಎಂದು ಕೇಳಿದರು. ನಾಗಲಕ್ಷ್ಮಿ ನನ್ನ ಹೆಸರು ಹೇಳಲಿಲ್ಲ. ಹೇಗೋ ಹೋಗಿ ಫೋನಿನ ಮುಂದೆ ನಿಂತು, ನಾನೇ ಬರೆದದ್ದು ಅಂದೆ. “ನಮ್ಮತ್ತೆ ಜೀವದ ವಿಷಯ ಇದು, ನಿಮಗೆ ಅಷ್ಟೂ ಗೊತ್ತಾಗಲ್ವೇನ್ರಿ?” ಎಂದರು. ಪರದೆ ಕಪ್ಪಾಯಿತು. ವ್ಯಾಪಾರಿ ಲೋಟ ಇಟ್ಟು, ಬರ್ತೀನಿ ಅಮ್ಮಾ ಎಂದು ಮೆಲ್ಲಗೆ ಇಳಿದುಹೋದ.

ಆಮೇಲಿನ ನಾಲ್ಕು ದಿನ ನನ್ನ ಶತ್ರುವಿಗೂ ಬೇಡ. ಚೆನ್ನೈ ಕಂಪನಿಗೆ, ತಪ್ಪು ನನ್ನದು, ಆಫೀಸಿನದಲ್ಲ, ಅರ್ಜಿ ಹಾಕಿದವಳದ್ದೂ ಅಲ್ಲ ಎಂದು ಕೈಯಾರೆ ಬರೆದು ಕಳಿಸಿದೆ. ಮುದಲಾಳಿ ನನ್ನ ಮುಂದಿನಿಂದ ಅರ್ಜಿಗಳನ್ನೆಲ್ಲ ಎತ್ತಿಕೊಂಡು, ಸದ್ಯಕ್ಕೆ ನೀನು ಜೆರಾಕ್ಸ್ ಮಾತ್ರ ಮಾಡು ಎಂದರು. ಅವಮಾನ ಅನ್ನಿಸಲಿಲ್ಲ, ಅದೇ ಸರಿ ಅನ್ನಿಸಿತು. ಒಂದು ಬೆಳಿಗ್ಗೆ ಬತ್ತಲಗುಂಡಿಗೆ ಹೋಗಿ ನರ್ಸಿಂಗ್ ಹೋಮಿನ ಡಾಕ್ಟರ ಮುಂದೆ ಕೈ ಜೋಡಿಸಿ ನಿಂತೆ. ಅವಳಂಥವಳು ಸಿಗುವುದಿಲ್ಲ, ಆದರೆ ಬಂದಿರುವವಳನ್ನು ಹೇಗೆ ಕಳಿಸಲಿ ಅಮ್ಮಾ ಎಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ವಾಪಸ್ ಬರುವಾಗ ನಾಗಲಕ್ಷ್ಮಿಯ ಬೀದಿ ದಾಟಿಯೇ ಬಸ್ಸು ಬಂತು, ಇಳಿಯಲು ಧೈರ್ಯವಾಗಲಿಲ್ಲ.

ಐದನೇ ದಿನ ಡಾಕ್ಟರ ಹೆಂಡತಿಯಿಂದ ಸಂದೇಶ ಬಂತು. ತೆರೆಯಲು ಕೈ ಬರದೆ ಮುದಲಾಳಿಯ ಕೈಗೇ ಫೋನ್ ಕೊಟ್ಟೆ. ಆಕೆ ಬರೆದದ್ದನ್ನು ಅವರು ಓದಿ ಹೇಳಿದರು. ಅತ್ತೆ ನಾಲ್ಕು ದಿನದಿಂದ ಒಂದನ್ನೇ ಅಳಿಸಿ ಅಳಿಸಿ ಬರೆಯುತ್ತಿದ್ದಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳಲ್ಲ, ಅವಳೇ ಬೇಕು, ಅಕ್ಷರ ನಾನು ಕಲಿಸುತ್ತೇನೆ ಎಂದು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಎರಡು ತಿಂಗಳು ಸಮಯ ಕೊಡುತ್ತೇವೆ. ದಿನವೂ ಮಧ್ಯಾಹ್ನ ಅತ್ತೆ ವೀಡಿಯೊದಲ್ಲಿ ಕಲಿಸುತ್ತಾರೆ. ಎರಡು ತಿಂಗಳ ಕೊನೆಯಲ್ಲಿ ನಾನೇ ಪರೀಕ್ಷೆ ಮಾಡುತ್ತೇನೆ. ಓದಿದರೆ ವೀಸಾ, ಇಲ್ಲವಾದರೆ ಇಲ್ಲ.

ಮಾತಿಲ್ಲದ ಆ ಟೀಚರ ಪಾಠ ನಾನು ನೋಡಿದ್ದೇನೆ. ಬರೆದು ತೋರಿಸುವರು, ಇವಳು ಓದಬೇಕು. ತಪ್ಪಾದರೆ ಸ್ಲೇಟಿನ ಚೌಕಟ್ಟಿಗೆ ಬಳಪದಲ್ಲಿ ಟಕ್ ಟಕ್ ಎಂದು ಬಡಿಯುವರು. ಆ ಶಬ್ದಕ್ಕೆ ಥೇಣಿಯಲ್ಲಿ ಕೂತ ನಾನು ಬೆಚ್ಚುತ್ತಿದ್ದೆ. ಅವಳ ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ನಾನೂ ಕಲಿತೆ. ಬೆಳಿಗ್ಗೆ ಎದ್ದ ಕೂಡಲೆ ದಿನ ಎಣಿಸುತ್ತಿದ್ದೆ. ಒತ್ತಕ್ಷರದಲ್ಲಿ ಅವಳು ಮುಗ್ಗರಿಸಿದ ದಿನ ರಾತ್ರಿ ಅದೇ ಪದವನ್ನು ನಾನೂ ಹತ್ತು ಸಲ ಬರೆಯುತ್ತಿದ್ದೆ. ಪರೀಕ್ಷೆಯ ದಿನ ಡಾಕ್ಟರ ಹೆಂಡತಿ ಔಷಧಿಯ ಚೀಟಿ ಬರೆದು ತೋರಿಸಿದರು. ನಾಗಲಕ್ಷ್ಮಿ ನಿಧಾನವಾಗಿ, ಎರಡು ಕಡೆ ಎಡವಿ ತಿರುಗಿ ಓದಿ, ಮುಗಿಸಿದಳು. ನಲವತ್ತು ತುಂಬಲು ಹದಿನೇಳು ದಿನ ಇರುವಾಗ ವೀಸಾ ಬಂತು.

ಚೆನ್ನೈ ಕಂಪನಿ ನಮ್ಮನ್ನು ಬಿಡಲಿಲ್ಲ. ಆದರೆ ಒಂದು ವರ್ಷ ನಾನು ಬರೆದ ಪ್ರತಿ ಅರ್ಜಿಗೂ ಮುದಲಾಳಿಯ ಎರಡನೇ ಸಹಿ ಬೇಕೆಂದರು. ನಾನೂ ನನ್ನ ಪದ್ಧತಿ ಬದಲಾಯಿಸಿದೆ. ಓದಲು ಬರುತ್ತದೆ ಎಂದವರ ಕೈಗೆ ಏನಾದರೂ ಕೊಟ್ಟು ಓದಿಸದೆ ಆಮೇಲೆ ಗುರುತು ಹಾಕಲಿಲ್ಲ. ನೀನೂ ಹಾಗೆಯೇ ಮಾಡು. ಎದುರಿಗಿರುವವರು ನಿನ್ನ ಸೋದರಮಾವನಾದರೂ ಸರಿ, ಓದಿಸು.

ಮಧುರೆ ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ನಾಗಲಕ್ಷ್ಮಿ ಮಗಳನ್ನು ತಬ್ಬಿಕೊಂಡು ಅತ್ತು, ನನಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದಳು. ತಲುಪಿದೆ ಎಂದು ಒಂದು ಮಾತು ಬಂತು, ಆಮೇಲೆ ಒಂಬತ್ತು ದಿನ ಸುದ್ದಿಯಿಲ್ಲ. ಓದಲಾಗದೆ ಏನಾದರೂ ಹೆಚ್ಚುಕಡಿಮೆಯಾಯಿತೋ, ಆ ಅಜ್ಜಿಗೆ ಏನಾಯಿತೋ, ಇವಳನ್ನು ವಾಪಸ್ ಕಳಿಸುತ್ತಾರೋ ಎಂದು ನನ್ನ ಜೀವ ಒಂದು ಕಡೆ ನಿಲ್ಲಲಿಲ್ಲ. ನಾನಾಗಿ ಕೇಳಲು ಹೆದರಿಕೆ.

ಹತ್ತನೇ ದಿನ ಆಫೀಸಿನಲ್ಲಿ ಕೂತಿದ್ದಾಗ ಒಂದು ಫೋಟೊ ಬಂತು. ಸ್ಲೇಟು. ಮೇಲೆ ಅಜ್ಜಿಯ ಓರೆಯಾದ, ಸಣ್ಣ ಅಕ್ಷರ. ನಾನು ಬೆರಳಿಟ್ಟು ಓದಿದೆ. ‘ಸಾರಿಗೆ ಉಪ್ಪು ಹಾಕು.’ ಅದರ ಕೆಳಗೆ ನಾಗಲಕ್ಷ್ಮಿಯ ದಪ್ಪ ಸೊಟ್ಟ ಅಕ್ಷರ. ಬಾಯಲ್ಲಿ ಹೇಳಿದರೆ ಸಾಕಿತ್ತು, ಅಜ್ಜಿಗೆ ಕಿವಿ ಕೇಳುತ್ತದೆ. ಆದರೂ ಬರೆದಿದ್ದಳು. ‘ಕೂಡಾದು ಅವ್ವಾ. ಡಾಕ್ಟರು ಬೈವಾರು.’ ಕೂಡಾದು ಅಂದರೆ ಆಗದು. ನಮ್ಮ ಮನೆಗಳಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು, ಕನ್ನಡ ಅಕ್ಷರದಲ್ಲಿ ನಾನು ಕಂಡದ್ದು ಅದೇ ಮೊದಲು. ಅದರ ಕೆಳಗೆ ಮತ್ತೆ ಅಜ್ಜಿಯದು, ಒಂದೇ ಪದ. ‘ಹಠಮಾರಿ.’

ನನಗೆ ಅಳು ಬಂದುಬಿಟ್ಟಿತು. ತಡೆಯಲೂ ಇಲ್ಲ. ಕೆಟ್ಟ ಸುದ್ದಿ ಎಂದುಕೊಂಡು ಮುದಲಾಳಿ ಎದ್ದು ಬಂದರು, ಏನಾಯಿತು, ಹೇಳು ಏನಾಯಿತು ಎಂದು ಮತ್ತೆ ಮತ್ತೆ ಕೇಳಿದರು.

ಸಾರಿಗೆ ಉಪ್ಪು ಹಾಕಲಿಲ್ಲವಂತೆ, ಎಂದೆ.